ರಾಕ್ಷಸರ ಗೋತ್ರ ಪ್ರವರ

ಭಾನುವಾರದ ವಧೂವರರ ಪುಟದಲ್ಲಿ ‘ಒಳಪಂಗಡ ಅಡ್ಡಿಯಿಲ್ಲ’ ಎಂದು ದೊಡ್ಡ ಮನಸ್ಸು ತೋರಿದವರು, ಮುಂದಿನ ಸಾಲಿನಲ್ಲೇ ಯಾವ್ಯಾವ ಒಳಪಂಗಡ ಎಂದು ಪಟ್ಟಿಯನ್ನೂ ಕೊಟ್ಟಿರುತ್ತಾರೆ. ಅದೇ ಪತ್ರಿಕೆಯ ಒಳಪುಟದಲ್ಲಿ ಆ ಇನ್ನೊಂದು ಸುದ್ದಿ: ಜಾತಿ ಮೀರಿ ಮದುವೆಯಾದ ಮಗಳನ್ನು ಹೆತ್ತವರೇ ಕೊಂದದ್ದು. ನಿಮಗೆ ಗೊತ್ತಿರುವುದೇ, ಊರಿನ ಹೆಸರಷ್ಟೇ ಬೇರೆ. ಇಂಥ ಕುಲಶಾಸ್ತ್ರಜ್ಞರು ತಪ್ಪದೇ ನೋಡಬೇಕಾದ ಸಿನಿಮಾ 1981ರ ಬ್ರಿಟಿಷ್ ಚಿತ್ರ ‘ದಿ ಮಾನ್‌ಸ್ಟರ್ ಕ್ಲಬ್’.

ಮಿಲ್ಟನ್ ಸುಬೋಟ್ಸ್ಕಿ ನಿರ್ಮಾಣ, ರಾಯ್ ವಾರ್ಡ್ ಬೇಕರ್ ನಿರ್ದೇಶನ. ಮೂರು ಕತೆ, ನಡುನಡುವೆ ಕ್ಲಬ್ಬಿನಲ್ಲಿ ಹಾಡು, ಕುಣಿತ. ಕುಣಿಯುವ ರಾಕ್ಷಸರಿಗೆ ಜಾತ್ರೆಯಲ್ಲಿ ಪೀಪಿ ಪಕ್ಕ ತೂಗಿಬಿಡುವಂಥ ರಬ್ಬರ್ ಮುಖವಾಡ. ಅದೇ ವರ್ಷ ಇನ್ನೊಂದು ಚಿತ್ರದಲ್ಲಿ ಮನುಷ್ಯನನ್ನು ಕ್ಯಾಮೆರಾ ಎದುರೇ ತೋಳವಾಗಿಸಿದ ರಿಕ್ ಬೇಕರ್ ಮೇಕಪ್ಪಿಗೆ ಆಸ್ಕರ್ ಗೆದ್ದ. ಇವರಿಗೆ ಅಂಥ ಚಿಂತೆಯೇ ಇಲ್ಲ.

ಆದರೆ ಕ್ಲಬ್ಬಿನ ಗೋಡೆಯ ಮೇಲಿನ ರಾಕ್ಷಸರ ವಂಶವೃಕ್ಷ ಅಪ್ಪಟ ಸರಕು. ರಕ್ತಪಿಶಾಚಿಯ ಪಾತ್ರದ ನಟ ವಿನ್ಸೆಂಟ್ ಪ್ರೈಸ್ ಅದನ್ನು ಪುರೋಹಿತರ ಗತ್ತಿನಲ್ಲಿ ವಿವರಿಸುತ್ತಾನೆ. ಮೂಲ ಕುಲ ಮೂರು: ರಕ್ತಪಿಶಾಚಿ, ತೋಳಮಾನವ, ಹೆಣ ತಿನ್ನುವ ಘೂಲ್. ಪಿಶಾಚಿಗೂ ತೋಳಕ್ಕೂ ಹುಟ್ಟಿದ್ದು ವೇರ್‌ವ್ಯಾಂಪ್. ತೋಳಕ್ಕೂ ಘೂಲ್‌ಗೂ ವೇರ್‌ಗೂ. ಪಿಶಾಚಿಗೂ ಘೂಲ್‌ಗೂ ವ್ಯಾಮ್‌ಗೂ. ಇವು ತಮ್ಮತಮ್ಮಲ್ಲಿ ಕೂಡಿದರೆ ಶ್ಯಾಡಿ, ಮ್ಯಾಡಿ, ರ‍್ಯಾಡಿ. ಅವುಗಳ ಸಂತಾನ ಮಾಕ್. ಮಾಕ್‌ನ ಬೆರಕೆ ಶ್ಯಾಡ್‌ಮಾಕ್. ಈ ಕಡೇ ಮೆಟ್ಟಿಲಿನವನಿಗೆ ಬರುವುದು ಶಿಳ್ಳೆ ಹೊಡೆಯುವುದೊಂದೇ. ಕೇಳಿದವರ ಚರ್ಮ ಸುಟ್ಟುಹೋಗುತ್ತದೆ, ಅಷ್ಟೇ.

ಎರಡನೇ ಕತೆಯಲ್ಲಿ ಸರ್ಕಾರಿ ಇಲಾಖೆಯೂ ಉಂಟು. ಪಿಶಾಚಿ ನಿಗ್ರಹಕ್ಕೆ ‘ಬಿ’ ದಳ, ಅದರ ಸಾಹೇಬ ಡೊನಾಲ್ಡ್ ಪ್ಲೆಸೆನ್ಸ್. ಗೂಟ, ಸುತ್ತಿಗೆ ಎಲ್ಲ ಪಿಟೀಲು ಪೆಟ್ಟಿಗೆಯೊಳಗೆ. ಪಿಶಾಚಿಯ ಎದೆಗೆ ಗೂಟ ಹೊಡೆಯಲು ಹೋದ ಸಾಹೇಬನಿಗೇ ಅದು ಬಾಯಿ ಹಾಕುತ್ತದೆ. ನಿಯಮ ನಿಯಮವೇ: ಕಚ್ಚಿಸಿಕೊಂಡವನು ಪಿಶಾಚಿಯಾಗುತ್ತಾನೆ, ಪಿಶಾಚಿಗೆ ಗೂಟ. ಕೈಕೆಳಗಿನವರು ಸಾಹೇಬರನ್ನೇ ಮುಗಿಸುತ್ತಾರೆ. ನಮ್ಮಲ್ಲಾಗಿದ್ದರೆ ಕಡತ ಮೇಲಕ್ಕೆ ಹೋಗಿ ಬರುವಷ್ಟರಲ್ಲಿ ಸಾಹೇಬರು ಇಡೀ ಕಚೇರಿಯ ರಕ್ತ ಹೀರಿ, ಬಡ್ತಿಯನ್ನೂ ಪಡೆದಿರುತ್ತಿದ್ದರು. ಇತ್ತ ಸತ್ತಂತೆ ಬಿದ್ದಿದ್ದ ಪಿಶಾಚಿ ಮೈಕೊಡವಿಕೊಂಡು ಏಳುತ್ತದೆ. ಅಂಗಿಯೊಳಗೆ ಗೂಟ ತಡೆಯುವ ಕವಚ, ಸುರಿದದ್ದು ಟೊಮೆಟೊ ಕೆಚಪ್.

ಮತ್ತೆ ವಂಶವೃಕ್ಷಕ್ಕೆ ಬರೋಣ. ರಾಕ್ಷಸರಲ್ಲೂ ಮೇಲುಕೀಳಿದೆ, ಮಾಕ್ ಅನ್ನುವುದು ಬೆರಕೆಗೆ ಇಟ್ಟ ಮರ್ಯಾದೆಯ ಹೆಸರೆಂದು ಪ್ರೈಸ್ ಸಾಹೇಬರೇ ಮೂಗು ಮುರಿಯುತ್ತಾರೆ. ಆದರೂ ಕೂಸು ಹುಟ್ಟಿದರೆ ಅದಕ್ಕೊಂದು ಹೆಸರಿಟ್ಟು ಗೋಡೆಯ ಮೇಲೆ ಬರೆಯುತ್ತಾರೆ. ಯಾವ ಘೂಲ್ ಅಪ್ಪನೂ ಆ ಪಟದೆದುರು ನಿಂತು ಮಾನ ಹೋಯಿತೆಂದು ಮಚ್ಚು ಹುಡುಕುವುದಿಲ್ಲ. ನಮ್ಮಲ್ಲಿ ಬಸುರಿ ಮಗಳನ್ನೂ ಬಿಡುವುದಿಲ್ಲ. ಕೊಂದವನು ತಲೆ ತಗ್ಗಿಸುವುದೂ ಇಲ್ಲ. ಊರು ಅವನ ಪರವಾಗಿ ‘ಪಾಪ, ಅವನಿಗೂ ನಾಲ್ಕು ಜನರ ಎದುರು ಓಡಾಡಬೇಕಲ್ಲ’ ಅನ್ನುತ್ತದೆ. ಇದನ್ನು ಎಷ್ಟು ಸಲ ಓದುವುದು? ಸಾಕಾಗಿದೆ.

ಕೊನೆಗೆ ಪ್ರೈಸ್ ಒಬ್ಬ ಮನುಷ್ಯನಿಗೆ ಕ್ಲಬ್ಬಿನ ಸದಸ್ಯತ್ವ ಕೊಡಿಸಲು ಭಾಷಣಕ್ಕೆ ನಿಲ್ಲುತ್ತಾನೆ. ಕೋರೆಹಲ್ಲಿಲ್ಲ, ಉಗುರಿಲ್ಲ, ಶಿಳ್ಳೆಯೂ ಇಲ್ಲ; ಆದರೂ ಅರವತ್ತು ವರ್ಷಗಳಲ್ಲಿ ತನ್ನವರನ್ನೇ 15 ಕೋಟಿಗೂ ಮಿಕ್ಕಿ ಕೊಂದಿದ್ದಾನೆ ಎಂದು ಶಿಫಾರಸು ಮಾಡುತ್ತಾನೆ. ಬಂದೂಕು, ಬಾಂಬು, ವಿಷ, ಕೊನೆಗೆ ಮೋಟಾರು ಕಾರಿನವರೆಗೂ ಪಟ್ಟಿ ಓದುತ್ತಾನೆ. ಹೆತ್ತವರ ಹೆಸರು ಆ ಪಟ್ಟಿಯಲ್ಲಿಲ್ಲ.