ಕಣ್ಣು ಕಾಣದವರಿಗೆ ಬ್ಯಾನರ್ ಕಟ್ಟಿದ್ದೇವೆ, ನೋಡಿಕೊಳ್ಳಿ

ಉಚಿತ ಕಣ್ಣಿನ ಪೊರೆ ಶಿಬಿರದ ಬ್ಯಾನರ್ ಓದಬೇಕಾದರೆ ಒಳ್ಳೇ ದೃಷ್ಟಿ ಬೇಕು. ಉದ್ಘಾಟಕರ ಮುಖವೇ ಅರ್ಧ ಬ್ಯಾನರ್. ತಾರೀಖು, ಜಾಗ ಮೂಲೆಯಲ್ಲಿ ಇರುವೆ ಸಾಲು. ಅದನ್ನು ಓದಿಕೊಂಡು ಬಂದವರನ್ನು ಬಾಗಿಲಲ್ಲೇ ವಾಪಸ್ ಕಳಿಸಬಹುದು, ಅವರಿಗೆ ಪೊರೆ ಇಲ್ಲ! ತಪಾಸಣೆ ಖರ್ಚೂ ಉಳಿಯಿತು.

ಅಜ್ಜ ಅಜ್ಜಿಯರು ಬೆಳಿಗ್ಗೇನೇ ಬಂದು ಕೂತಿರುತ್ತಾರೆ. ಜೊತೆಗೆ ಬಂದ ಮಗನದೋ ಸೊಸೆಯದೋ ಅವತ್ತಿನ ಕೂಲಿ ಹೋಯಿತು. ಅತಿಥಿಗಳು ಮಧ್ಯಾಹ್ನ ಬಂದು 'ನಿಮ್ಮ ಬಾಳಿಗೆ ಬೆಳಕು ತಂದಿದ್ದೇವೆ' ಅನ್ನುತ್ತಾರೆ. ಅಷ್ಟೆಲ್ಲ ಕೇಳಿಸಿಕೊಂಡ ಮೇಲೆ ಬಿಪಿ ನೋಡುತ್ತಾರೆ. ಜಾಸ್ತಿ ಇರುತ್ತದೆ. ಇರದೆ ಇನ್ನೇನು? 'ಇಳಿಸಿಕೊಂಡು ಮುಂದಿನ ಶಿಬಿರಕ್ಕೆ ಬನ್ನಿ ಅಜ್ಜಿ.'

ಬಿಪಿ ಸರಿ ಇದ್ದವರಿಗೆ ಆಪರೇಷನ್ನಿನ ಒಪ್ಪಿಗೆ ಪತ್ರ. ಒತ್ತೊತ್ತಾಗಿ ಎರಡು ಪುಟ, ಕೆಳಗೆ 'ಮೇಲಿನದನ್ನೆಲ್ಲ ಓದಿ ಅರ್ಥ ಮಾಡಿಕೊಂಡಿದ್ದೇನೆ' ಅನ್ನುವ ಸಾಲು. ಅಜ್ಜಿ ಹಾಳೆಯನ್ನು ಮೂಗಿನ ಹತ್ತಿರ ತರುತ್ತಾಳೆ, ದೂರ ಹಿಡಿಯುತ್ತಾಳೆ, ಬೆಳಕಿಗೆ ತಿರುಗಿಸುತ್ತಾಳೆ. ಕೊನೆಗೆ ಯಾರೋ ಅವಳ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತುತ್ತಾರೆ. ಓದಿದ್ದಾಯಿತು.

ಕೆಲವರಿಗೆ ಇನ್ನೊಂದು ಉತ್ತರ ಸಿಗುತ್ತದೆ: 'ಪೊರೆ ಇನ್ನೂ ಬಲಿತಿಲ್ಲ.' ಪೊರೆ ಪೂರ್ತಿ ಬಲಿಯಲಿ ಅಂತ ಕಾಯುತ್ತಿದ್ದ ಕಾಲದ್ದು, ಅಜ್ಜಿಗಿಂತ ಹಳೇ ಮಾತು. ಹೆರಾಲ್ಡ್ ರಿಡ್ಲಿ ಅನ್ನುವ ಕಣ್ಣಿನ ಡಾಕ್ಟರು ಲಂಡನ್ನಿನಲ್ಲಿ ಪೊರೆ ತೆಗೆದ ಕಣ್ಣೊಳಗೆ ಮೊದಲ ಸಲ ಪ್ಲಾಸ್ಟಿಕ್ ಲೆನ್ಸ್ ಕೂರಿಸಿದ್ದೇ 1949ರಲ್ಲಿ. ಈಗ ಸಣ್ಣದೊಂದು ಸೀಳು, ಹೊಲಿಗೆಯೂ ಇಲ್ಲ, ಕೈ ಪಳಗಿದ ಡಾಕ್ಟರು ಕಾಲು ಗಂಟೆಯೊಳಗೆ ಮುಗಿಸುತ್ತಾರೆ. ಕಾದಷ್ಟೂ ಪೊರೆ ಗಟ್ಟಿಯಾಗಿ ಅವರಿಗೇ ಕಷ್ಟ. (ನಿಜ ಹೇಳಬೇಕೆಂದರೆ ಇಡೀ ಶಿಬಿರದಲ್ಲಿ ನೆಟ್ಟಗೆ ನಡೆಯುವುದು ಆ ಕಾಲು ಗಂಟೆ ಮಾತ್ರ.)

ಮರುದಿನ ಎಲ್ಲರಿಗೂ ಕಪ್ಪು ಕನ್ನಡಕ ಹಾಕಿ ಸಾಲಾಗಿ ನಿಲ್ಲಿಸಿ ಫೋಟೋ. ಅಲ್ಲಿಗೆ ಫೈಲು ಮುಗಿಯಿತು. ವಾರಗಟ್ಟಲೆ ಹಾಕಬೇಕಾದ ಡ್ರಾಪ್ಸ್ ನಡುಗುವ ಕೈಯಲ್ಲಿ ಕಣ್ಣಿಗೆ ಬಿತ್ತೋ ಕೆನ್ನೆಗೆ ಬಿತ್ತೋ, ಕನ್ನಡಕದ ನಂಬರ್ ಯಾರು ನೋಡುತ್ತಾರೋ, ಅದಕ್ಕೆಲ್ಲ ಫಾರಂನಲ್ಲಿ ಕಾಲಂ ಇಲ್ಲ. ಕರೆತರಲು ಬಸ್ಸಿತ್ತು, ಮರುತಪಾಸಣೆಗೆ ಇಲ್ಲ. ಬರದಿದ್ದವರೆಲ್ಲ ಗುಣವಾದವರೇ, ಅಲ್ವಾ?

ವಿಶ್ವ ಆರೋಗ್ಯ ಸಭೆ (ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳೆಲ್ಲ ಸೇರುವ ಸಭೆ) 2021ರಲ್ಲಿ ಸ್ವಲ್ಪ ತರಲೆ ಮಾಡಿತು. ಆಪರೇಷನ್ ಎಷ್ಟಾಯಿತು ಅಂತ ಸುಮ್ನೆ ಎಣಿಸಿದರೆ ಸಾಲದು, ಆಮೇಲೆ ಚೆನ್ನಾಗಿ ಕಾಣುತ್ತಿದೆಯಾ ಅಂತಲೂ ನೋಡಿ, ಆಪರೇಷನ್ ಬೇಕಿದ್ದವರಲ್ಲಿ ಅದು ಆಗಿ ಚೆನ್ನಾಗಿ ಕಾಣುವವರ ಪ್ರಮಾಣವನ್ನು 2030ರೊಳಗೆ ಶೇಕಡಾ 30 ಅಂಶದಷ್ಟು ಏರಿಸಿ ಅಂದಿತು. ಎಂಥ ಅಪಾಯದ ಸಲಹೆ! ಕಣ್ಣು ಕಾಣುತ್ತಿದೆಯಾ ಅಂತ ಕೇಳುತ್ತಾ ಹೋದರೆ ಮುಂದಿನ ಉದ್ಘಾಟನೆಗೆ ಪುರುಸೊತ್ತೆಲ್ಲಿ?

ಮೊನ್ನೆ ಅಜ್ಜನೊಬ್ಬ ಇನ್ನೊಂದು ಕಣ್ಣಿನ ಮಾತೆತ್ತಿದ. ಮೇಜಿನ ಹಿಂದಿನವರು ಹೊಸ ಫಾರಂ ಕೊಟ್ಟು ಅಂದರು: 'ಒಂದು ಕಣ್ಣು ಕಾಣ್ತಿದೆಯಲ್ಲ ಯಜಮಾನ್ರೇ, ಈ ಸಲ ನೀವೇ ಓದಿ ತುಂಬಿ.'