ಮ್ಯಾಂಚೆಸ್ಟರ್‌ನ ಹುಡುಗರ ಗ್ಯಾಂಗುಗಳಿಗೆ ಕೊಳೆಗೇರಿಯೇ ಕಾರಣವೇ?

ಪರ

ಖಂಡಿತ ಹೌದು. 1870ರ ದಶಕದ ಏಂಜಲ್ ಮೆಡೋ, ಆಂಕೋಟ್ಸ್ ಕೇರಿಗಳನ್ನು ನೋಡಿ. ಸುತ್ತ ಹತ್ತಿ ಗಿರಣಿಗಳು, ನಡುವೆ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಎಷ್ಟೋ ಸಂಸಾರಗಳಿಗೆ ಇದ್ದದ್ದು ಒಂದೇ ಕೋಣೆ. ಹತ್ತು ಹನ್ನೊಂದು ವರ್ಷಕ್ಕೇ ಮಕ್ಕಳಿಗೆ ಅರ್ಧ ದಿನ ಗಿರಣಿ, ಅರ್ಧ ದಿನ ಶಾಲೆ. ಸಂಜೆ ಆ ಹುಡುಗ ಎಲ್ಲಿ ಕೂರಬೇಕು? ಬೀದಿ ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ. ಅದನ್ನೇ ‘ನಮ್ದು’ ಅಂದ, ಪಕ್ಕದ ಬೀದಿಯವನು ಬಂದರೆ ಹೊಡೆದ. ಆಗ ಇಂಥ ಹುಡುಗರನ್ನು ಸ್ಕಟ್ಲರ್‌ಗಳು ಅನ್ನುತ್ತಿದ್ದರು. ಎಷ್ಟೋ ಗ್ಯಾಂಗುಗಳಿಗೆ ಬೀದಿಯದೇ ಹೆಸರು. ಬೆಂಗಾಲ್ ಸ್ಟ್ರೀಟಿನವರು ಬೆಂಗಾಲ್ ಟೈಗರ್ಸ್!

ನ್ಯಾಯಾಧೀಶರು ಜೈಲಿಗೆ ಹಾಕುತ್ತಲೇ ಇದ್ದರು. ಹೊಡೆದಾಟ ಮಾತ್ರ ಸುಮಾರು ಮೂವತ್ತು ವರ್ಷ ನಡೆಯಿತು. ಕಡಿಮೆಯಾಗಿದ್ದು ಹುಡುಗರಿಗೆ ಹೋಗಲು ಬೇರೆ ಜಾಗ ಸಿಕ್ಕ ಕಾಲದಲ್ಲಿ. ಹುಡುಗರ ಕ್ಲಬ್ಬುಗಳು ಬಂದವು, ಫುಟ್‌ಬಾಲ್ ಬಂತು, ಹಳೆಯ ಕೇರಿಗಳನ್ನು ಕೆಡವಿದರು. ವೆಸ್ಟ್ ಗಾರ್ಟನ್‌ನಲ್ಲಿ ಸೇಂಟ್ ಮಾರ್ಕ್ಸ್ ಚರ್ಚಿನವರು 1880ರಲ್ಲಿ ಕಟ್ಟಿದ ತಂಡವೇ ಮುಂದೆ ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ ಆಯಿತು. ಜಾಗ ಕೊಟ್ಟಿದ್ದರೆ ಮೊದಲೇ ನಿಲ್ಲುತ್ತಿತ್ತು ಅಲ್ವಾ?

ವಿರೋಧ

ಅದೇ ಕೇರಿ, ಅದೇ ಒಂದು ಕೋಣೆಯ ಮನೆ. ಅಲ್ಲಿ ಹೊಡೆದಾಟಕ್ಕೆ ಬೆಲ್ಟ್ ಹಿಡಿಯದೆ ಬೆಳೆದ ಹುಡುಗರೇ ಜಾಸ್ತಿ. ಬಡತನವೊಂದೇ ಕಾರಣವಾದರೆ ಇವರನ್ನು ಏನೆಂದು ವಿವರಿಸುತ್ತೀರಿ?

ಸ್ಕಟ್ಲರ್‌ಗಳಲ್ಲಿ ಬಹಳ ಮಂದಿ ಕೆಲಸಕ್ಕೆ ಹೋಗಿ ಕೂಲಿ ತರುತ್ತಿದ್ದವರು. ಅವರ ವೇಷವೇ ಇದನ್ನು ಹೇಳುತ್ತದೆ. ಹಣೆಯ ಮೇಲೆ ಇಳಿಬಿಟ್ಟ ಕೂದಲು, ಕುತ್ತಿಗೆಗೆ ರೇಷ್ಮೆ ವಸ್ತ್ರ, ಬೆಲ್ ಬಾಟಮ್ ಪ್ಯಾಂಟು, ತುದಿಗೆ ಹಿತ್ತಾಳೆ ಬಡಿದ ಮರದಡಿಯ ಬೂಟು. ಸೊಂಟದಲ್ಲಿ ದಪ್ಪ ಚರ್ಮದ ಬೆಲ್ಟ್. ಅದರ ಮೇಲೆ ಲೋಹದ ಮೊಳೆ ಜೋಡಿಸಿ ಹಾವು, ಹೃದಯ, ಹೆಸರು ಮೂಡಿಸುತ್ತಿದ್ದರು. ಜಗಳಕ್ಕೆ ನಿಂತರೆ ಬೆಲ್ಟನ್ನು ಮುಂಗೈಗೆ ಸುತ್ತಿಕೊಂಡು ಹಿತ್ತಾಳೆ ಬಕಲ್ ಇರುವ ತುದಿಯನ್ನಷ್ಟೇ ಉದ್ದ ಬಿಟ್ಟು ಬೀಸುತ್ತಿದ್ದರು. ಹೊಟ್ಟೆಗಿಲ್ಲದ ಸಂಕಟಕ್ಕೆ ಇಷ್ಟು ಸಿಂಗಾರ ಬೇಕಿರಲಿಲ್ಲ. ಇದು ಗಂಡಸುತನದ ಗತ್ತು, ಹೆಸರಿನ ಹಪಾಹಪಿ. ಹುಡುಗಿಯರೂ ಈ ಗ್ಯಾಂಗುಗಳಲ್ಲಿದ್ದರು, ಹೊಡೆದಾಟಕ್ಕೂ ಇಳಿಯುತ್ತಿದ್ದರು. ಐರಿಷ್ ಕ್ಯಾಥೊಲಿಕ್ಕರು ಒಂದು ಕಡೆ, ಪ್ರಾಟೆಸ್ಟೆಂಟರು ಇನ್ನೊಂದು ಕಡೆ ಎಂಬ ಹಳೆಯ ಹಗೆಯೂ ಸೇರಿತ್ತು. ಕ್ಲಬ್ ಕಟ್ಟಿದ ಮಾತ್ರಕ್ಕೆ ಅದು ಹೋಗುತ್ತದೆಯೇ?

ಏಟು ತಿಂದವರ ಬಗ್ಗೆ ಪರವಾದಿಗಳು ಮಾತೇ ಆಡುವುದಿಲ್ಲ, ನನಗೆ ನೋವಾಗುವುದು ಇಲ್ಲೇ. ಕೋರ್ಟಿನಲ್ಲಿ ಸಾಕ್ಷಿ ಹೇಳಿದರೆ ಮನೆಗೆ ನುಗ್ಗುತ್ತಾರೆಂದು ಬಾಯಿ ಮುಚ್ಚಿಕೊಂಡವರೂ ಆ ಕೇರಿಯ ಬಡವರೇ.