ಆ ಗಾಳಿ ಎಲ್ಲಿಂದ ಬರುತ್ತೆ?

ಬೀಟಲ್ಸ್ ಎಂಬ ಜಗತ್ಪ್ರಸಿದ್ಧ ಹಾಡುಗಾರರ ತಂಡ ಹುಟ್ಟಿದ ಲಿವರ್‌ಪೂಲಿನಲ್ಲಿ, ಅವರ ನೆನಪಿನ ಜಾಗಗಳನ್ನು ತೋರಿಸುವ ಬಸ್ಸು ಹೊರಟು ಎರಡು ತಿರುವು ದಾಟಿರಲಿಲ್ಲ, ಗೈಡ್ ಮೈಕ್ ಹಿಡಿದುಕೊಂಡು ಸೀಟಿನಿಂದ ಸೀಟಿಗೆ ಬರತೊಡಗಿದ. ನಾಲ್ವರು ಬೀಟಲ್‌ಗಳಲ್ಲಿ ನಿಮ್ಮ ಅಚ್ಚುಮೆಚ್ಚಿನವರು ಯಾರು, ಹೇಳಿ. ದುಡ್ಡು ಕೊಟ್ಟು ಊರು ನೋಡಲು ಬಂದವರಿಗೆ ಮೌಖಿಕ ಪರೀಕ್ಷೆ ಇಡುವ ಈ ಪದ್ಧತಿಯನ್ನು ಯಾರು ಕಂಡುಹಿಡಿದರೋ, ಅವರು ಸಿಕ್ಕಿದರೆ ನನಗೂ ನಾಲ್ಕು ಪ್ರಶ್ನೆಗಳಿವೆ. ಮುಂದಿನ ಸೀಟಿನ ಹೆಂಗಸು ಜಾರ್ಜ್ ಅಂದಾಗ ಬಸ್ಸಿಗೆ ಬಸ್ಸೇ 'ಓ' ಎಂದು ಕರಗಿತು. ಆಕೆಯ ಗಂಡನದು ಜಾನ್. ನಾನು ಜಗಳ ಬೇಡವೆಂದು ಪಾಲ್ ಎಂದೆ. ಮೈಕ್ ಭಾವನ ಮೂತಿಗೆ ಬಂತು.

ಭಾವ ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತರಾದವರು. ಫೈಲು ತರಿಸಿ ನೋಡದೆ ಯಾವುದಕ್ಕೂ ಅಭಿಪ್ರಾಯ ಕೊಡುವವರಲ್ಲ. "ನಾಲ್ಕು ಜನದಲ್ಲಿ ಈಗ ಇರೋರು ಎಷ್ಟು?" ಎಂದು ಅವನನ್ನೇ ಕೇಳಿದರು. ಗೈಡ್ ದನಿ ತಗ್ಗಿಸಿ, ಇಬ್ಬರು, ಪಾಲ್ ಮತ್ತು ರಿಂಗೋ, ಎಂದ. "ಹಾಗಾದ್ರೆ ರಿಂಗೋ ಅಂತ ಬರ್ಕೊಳ್ಳಿ. ಪಾಲ್‌ಗೆ ಇವನು ಆಗಲೇ ಹಾಕಿದ್ದಾನೆ."

ಅಕ್ಕನ ಮಗಳು ಲಿವರ್‌ಪೂಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ನಮಗೆ ಮೂರು ಟಿಕೆಟ್ ಕೊಡಿಸಿ, ಬಸ್ ಹತ್ತಿಸಿ, ತಾನು ಡ್ಯೂಟಿಗೆ ಹೋಗಿಬಿಟ್ಟಿದ್ದಳು. ಅವಳು ಜಾಣೆ.

ಬೀಟಲ್ಸ್ ಹಾಡೊಂದರಿಂದ ಹೆಸರಾದ ಪೆನ್ನಿ ಲೇನಿನಲ್ಲಿ ನೋಡಬೇಕಾದದ್ದು ರಸ್ತೆಯ ಹೆಸರಿನ ಬೋರ್ಡು. ಅಭಿಮಾನಿಗಳು ಕದ್ದೂ ಕದ್ದೂ, ಕೊನೆಗೆ ಹೆಸರನ್ನು ಗೋಡೆಗಳ ಮೇಲೇ ಬಣ್ಣದಲ್ಲಿ ಬರೆಯಬೇಕಾಯಿತಂತೆ. 2018ರಲ್ಲಿ ಪಾಲ್ ಮೆಕಾರ್ಟ್ನಿಯೇ ಬಂದು ಒಂದು ಬೋರ್ಡಿನ ಮೇಲೆ ಸಹಿ ಹಾಕಿ ಹೋದ. ಅದಕ್ಕೀಗ ಮೇಲೊಂದು ಪಾರದರ್ಶಕ ಹೊದಿಕೆ. ಎಲ್ಲರೂ ಸರದಿಯಲ್ಲಿ ನಿಂತು ಅದರ ಪಕ್ಕ ಹಲ್ಲು ಕಿರಿದರು. "ನಮ್ಮ ಕ್ರಾಸಿನ ಬೋರ್ಡನ್ನೂ ಯಾರಾದ್ರೂ ಕದೀಬಾರದೇ," ಎಂದಳು ಅಕ್ಕ, "ಆ ಕಾಗುಣಿತ ನೋಡಿ ನೋಡಿ ಸಾಕಾಗಿದೆ."

ಅವರ ಇನ್ನೊಂದು ಹಾಡಿಗೆ ಹೆಸರು ಕೊಟ್ಟ ಸ್ಟ್ರಾಬೆರಿ ಫೀಲ್ಡ್ ಎಂಬಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯವರ ಮಕ್ಕಳ ಆಶ್ರಯಧಾಮವಿತ್ತು, 2005ರಲ್ಲಿ ಮುಚ್ಚಿತು. ಅದರ ಕೆಂಪು ಕಬ್ಬಿಣದ ಗೇಟು ಜಗತ್ಪ್ರಸಿದ್ಧ. 2011ರಲ್ಲಿ ಅಸಲಿ ಗೇಟನ್ನು ಬಿಚ್ಚಿ ಅದೇ ಥರದ ಇನ್ನೊಂದನ್ನು ಕೂರಿಸಿದರು. 2019ರಿಂದ ಒಳಗೂ ಬಿಡುತ್ತಾರೆ, ಅಸಲಿ ಗೇಟು ಒಳಗಿನ ತೋಟದಲ್ಲಿದೆ. ಆದರೆ ಅಲ್ಲಿಯವರೆಗೆ ನಡೆದು ಹೋಗಿ ಬರುವಷ್ಟು ಹೊತ್ತನ್ನು ನಮ್ಮ ಬಸ್ಸು ಕೊಡುವುದಿಲ್ಲ. ಹಾಗಾಗಿ ಭೂಮಂಡಲದ ಮೂಲೆಮೂಲೆಯಿಂದ ಬಂದ ಜನ ನಕಲಿ ಗೇಟಿಗೇ ಕೆನ್ನೆ ಒತ್ತಿ ಹೊರಡುತ್ತಾರೆ. ನಾನೂ ಒಂದು ಸರಳು ಮುಟ್ಟಿ ನೋಡಿದೆ. ಪೇಂಟ್ ಚೆನ್ನಾಗಿತ್ತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ವೂಲ್ಟನ್‌ನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ. 1957ರ ಜುಲೈ 6ರಂದು ಇಲ್ಲಿನ ಜಾತ್ರೆಯಲ್ಲಿ ಹುಡುಗ ಜಾನ್ ಲೆನನ್‌ನ ತಂಡ ಹಾಡಿದ್ದು, ಅವತ್ತೇ ಪಾಲ್‌ನ ಪರಿಚಯ ಆದದ್ದು. ಚರ್ಚಿನ ಸ್ಮಶಾನದಲ್ಲಿ ಎಲೀನರ್ ರಿಗ್ಬಿ ಎಂಬಾಕೆಯ ಸಮಾಧಿಯಿದೆ. ಆಕೆ ತೀರಿಕೊಂಡದ್ದು 1939ರಲ್ಲಿ, ಲೆನನ್ ಹುಟ್ಟುವುದಕ್ಕೆ ಒಂದು ವರ್ಷ ಮುಂಚೆ. ಬೀಟಲ್ಸ್‌ನ ಒಂದು ಹಾಡಿನ ಹೆಸರೂ 'ಎಲೀನರ್ ರಿಗ್ಬಿ'. ಆದರೆ ಹಾಡಿನ ಹೆಸರಿನಲ್ಲಿ ಎಲೀನರ್ ಬಂದದ್ದು ಒಬ್ಬ ನಟಿಯಿಂದ, ರಿಗ್ಬಿ ಬಂದದ್ದು ಬ್ರಿಸ್ಟಲ್‌ನ ಒಂದು ಅಂಗಡಿಯ ಬೋರ್ಡಿನಿಂದ ಎಂದು ಹಾಡು ಬರೆದ ಪಾಲ್ ಹೇಳಿಕೊಂಡಿದ್ದಾನೆ. ಬರೆದವನ ಮಾತು ಯಾರಿಗೆ ಬೇಕು? ಕಲ್ಲಿನ ಸುತ್ತ ಜನವೋ ಜನ, ಹೂವು, ಫೋನುಗಳು, ಒಬ್ಬಳಂತೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದೇ ಸ್ಮಶಾನದಲ್ಲಿ ಜಾರ್ಜ್ ಸ್ಮಿತ್ ಕೂಡ ಮಲಗಿದ್ದಾರೆ. ಲೆನನ್‌ನನ್ನು ಸಾಕಿದ ದೊಡ್ಡಮ್ಮ ಮಿಮಿಯ ಗಂಡ. ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೇಪರ್ ಓದಲು ಕಲಿಸಿದವರು, ಮೌತ್ ಆರ್ಗನ್ ಕೊಡಿಸಿದವರು, ಅವನಿಗೆ ಹದಿನಾಲ್ಕಾಗಿದ್ದಾಗ 1955ರಲ್ಲಿ ಹಠಾತ್ತನೆ ಹೋಗಿಬಿಟ್ಟವರು. ಆ ಕಡೆ ಒಂದು ನರಪಿಳ್ಳೆ ಇರಲಿಲ್ಲ. ವಾದ್ಯ ಕೊಡಿಸಿದ ದೊಡ್ಡಪ್ಪನಿಗೆ ಒಂದು ಹೂವಿಲ್ಲ! ಇದನ್ನು ಗೈಡ್‌ಗೆ ಹೇಳೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವನು ಎಲ್ಲರನ್ನೂ ಎಣಿಸಿ ಬಸ್ಸಿಗೆ ತುಂಬುತ್ತಿದ್ದ. ಹತ್ತಿ ಕೂತ ಮೇಲೆ, ಜನ ಇಷ್ಟು ದೂರ ಬಂದು ಏನನ್ನು ಹುಡುಕುತ್ತಾರೆ ಎಂಬ ಬಗ್ಗೆ ಒಂದು ಗಹನವಾದ ವಿಚಾರ ಹೊಳೆಯಿತು. ಅದನ್ನು ಮುಂದೆ ಹೇಳುತ್ತೇನೆ.

ಬಸ್ಸು ಕೊನೆಗೆ ನಮ್ಮನ್ನು ಇಳಿಸಿದ್ದು ಕ್ಯಾವರ್ನ್ ಕ್ಲಬ್ಬಿನ ಹತ್ತಿರ. ಮ್ಯಾಥ್ಯೂ ಸ್ಟ್ರೀಟಿನ ನೆಲಮಾಳಿಗೆ. 1961ರಿಂದ 1963ರವರೆಗೆ ಬೀಟಲ್ಸ್ ಇಲ್ಲಿ 292 ಸಲ ಹಾಡಿದರೆಂದು ಲೆಕ್ಕ ಇಟ್ಟಿದ್ದಾರೆ. ಮೆಟ್ಟಿಲು ಇಳಿಯುತ್ತಾ ಗೈಡ್ ಹೇಳಿದ: ಇದು ಅಸಲಿ ಕ್ಲಬ್ಬಲ್ಲ. ಭೂಗತ ರೈಲಿಗೆ ವೆಂಟಿಲೇಷನ್ ಶಾಫ್ಟ್, ಅಂದರೆ ಗಾಳಿಯಾಡುವ ಬಾವಿ, ಬೇಕೆಂದು 1973ರಲ್ಲಿ ಅದನ್ನು ಮುಚ್ಚಿಸಿ, ಕಟ್ಟಡ ಕೆಡವಿ, ನೆಲಮಾಳಿಗೆಗೆ ಮಣ್ಣು ತುಂಬಿದರು. ಮೇಲೆ ಕಾರು ನಿಲ್ಲಿಸುತ್ತಿದ್ದರು. 1984ರಲ್ಲಿ ಹಳೆಯ ಇಟ್ಟಿಗೆಗಳನ್ನೇ ಆರಿಸಿ, ಬಹುಪಾಲು ಅದೇ ಜಾಗದಲ್ಲಿ ಮತ್ತೆ ಕಟ್ಟಿದರು.

"ಶಾಫ್ಟ್ ಏನಾಯ್ತು?" ಎಂದರು ಭಾವ.

ಅದನ್ನು ಕಟ್ಟಲೇ ಇಲ್ಲ, ಎಂದ ಗೈಡ್. ಎಲ್ಲರೂ ನಕ್ಕರು. ಅದು ಅವನ ಕಟ್ಟಕಡೆಯ ಜೋಕು ಇರಬೇಕು. ಭಾವ ನಗಲಿಲ್ಲ. ನಿಂತ ಮೆಟ್ಟಿಲ ಮೇಲೇ ನಿಂತರು.

"ರೈಲು ಓಡ್ತಾ ಇದೆಯಾ?"

ಓಡುತ್ತಿದೆ, ಊರಿನ ಕೆಳಗೆ ಸುತ್ತು ಹಾಕುವ ಆ ಲೈನು 1977ರಲ್ಲೇ ಶುರುವಾಯಿತು.

"ಹಾಗಾದ್ರೆ ಗಾಳಿ ಎಲ್ಲಿಂದ ಬರುತ್ತೆ?"

ಗೈಡ್‌ಗೆ ಬೀಟಲ್ಸ್ ಕುಡಿದ ಬಿಯರಿನ ಹೆಸರೂ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಒಳಗೆ ಯಾರೋ ಗಿಟಾರ್ ಹಿಡಿದು ಹಾಡುತ್ತಿದ್ದರು, ಕಮಾನುಗಳ ಕೆಳಗೆ ಜನ ತೂಗಾಡುತ್ತಿದ್ದರು, ಅಕ್ಕ ಕೂಡ ಕಾಲಲ್ಲಿ ತಾಳ ಹಾಕುತ್ತಿದ್ದಳು. ಭಾವ ಮಾತ್ರ ಚಾವಣಿ ನೋಡುತ್ತಿದ್ದರು. ನನ್ನ ಕಿವಿಗೆ ಬಾಗಿ, "ಬೇಕು ಅಂತ ಕೆಡವಿದ್ದಾರೆ. ಕಟ್ಟಿಲ್ಲ. ಆದರೂ ನಡೀತಾ ಇದೆ. ಅಂದ್ರೆ ಬೇಕಾಗಿರಲಿಲ್ಲ. ಬೇಕು ಅಂತ ಎಸ್ಟಿಮೇಟ್‌ನಲ್ಲಿ ಬರೆದವನು ಯಾರು?" ಎಂದರು. ಗಿಟಾರಿನ ಗದ್ದಲದಲ್ಲಿ ನಾನು ತಲೆಯಾಡಿಸಿದೆ. "ಅಥವಾ ಬೇಕಿತ್ತು, ಬೇರೆ ಕಡೆ ಕೊರೆದಿದ್ದಾರೆ. ಆಗ ಅಲೈನ್‌ಮೆಂಟ್ ಬದಲಾಗಿರಬೇಕು. ಅದಕ್ಕೊಂದು ರಿವೈಸ್ಡ್ ಆರ್ಡರ್ ಇರಲೇಬೇಕು."

ಅಲ್ಲಿಂದ ಹಡಗುಕಟ್ಟೆಯಲ್ಲಿರುವ ನಾಲ್ವರ ಪ್ರತಿಮೆ ನೋಡಲು ಹೊರಟೆವು. ಹೊರಟದ್ದು ನಿಜ. ದಾರಿಯಲ್ಲಿ ಮೂರ್‌ಫೀಲ್ಡ್ಸ್ ಸ್ಟೇಷನ್ ಕಂಡಿತು. ಭಾವ ಟಿಕೆಟ್ ತೆಗೆಸಿದರು. ಇಳಿದು ಇಳಿದು ಪ್ಲಾಟ್‌ಫಾರ್ಮಿಗೆ ಬಂದು, ಜೇಬಿನಿಂದ ಕರ್ಚೀಫ್ ತೆಗೆದು, ಎರಡು ಬೆರಳಲ್ಲಿ ಎತ್ತಿ ಹಿಡಿದರು. ರೈಲು ಬರುವ ಮೊದಲು ಕರ್ಚೀಫ್ ಒಂದು ಕಡೆ ಹಾರಿತು, ಹೋದ ಮೇಲೆ ಇನ್ನೊಂದು ಕಡೆ. "ರೈಲೇ ಗಾಳಿ ತಳ್ಳುತ್ತೆ, ನೋಡು. ಪಿಸ್ಟನ್ ಥರ. ಆದ್ರೆ ಅಷ್ಟೇ ಸಾಲದು." ಅಕ್ಕ ದೂರದ ಬೆಂಚಿನಲ್ಲಿ ಕೂತು, ಈ ಮನುಷ್ಯ ಯಾರೋ ತನಗೆ ಗೊತ್ತಿಲ್ಲವೆಂಬಂತೆ ಚಟ್ನಿಪುಡಿ ಸವರಿದ ಚಪಾತಿ ಸುರುಳಿ ತಿನ್ನುತ್ತಿದ್ದಳು. ಜೇಮ್ಸ್ ಸ್ಟ್ರೀಟಿನಲ್ಲೂ ಕರ್ಚೀಫ್ ಹಿಡಿದದ್ದಾಯಿತು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಸಮವಸ್ತ್ರದ ಸಿಬ್ಬಂದಿಯೊಬ್ಬರು ಬಂದು ಏನಾದರೂ ಸಹಾಯ ಬೇಕೆ ಎಂದು ವಿನಯದಿಂದ ವಿಚಾರಿಸಿದರು. ಭಾವ ಕೇಳಿಯೇಬಿಟ್ಟರು. ಅವರು ಬಹಳ ಹೊತ್ತು ಯೋಚಿಸಿ, ನೀವು ಬೀಟಲ್ಸ್ ಅಭಿಮಾನಿಗಳೇ ಎಂದು ಕೇಳಿದರು.

ಮಾರನೆಯ ದಿನ ಲೆನನ್ ಬೆಳೆದ ಮನೆ. ಲೆನನ್‌ನ ಹೆಂಡತಿ ಯೋಕೊ ಓನೊ 2002ರಲ್ಲಿ ಅದನ್ನು ಕೊಂಡು, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿಗೆ ಕೊಟ್ಟಿದ್ದು. ಮೊದಲೇ ಟಿಕೆಟ್ ಕಾದಿರಿಸಿ ಅವರ ಮಿನಿಬಸ್ಸಿನಲ್ಲೇ ಹೋಗಬೇಕು, ಒಳಗೆ ಫೋಟೊ ತೆಗೆಯುವಂತಿಲ್ಲ. ಈ ಫೋಟೊ ನಿಷೇಧಕ್ಕೆ ನಾನು ಕೈಮುಗಿಯುತ್ತೇನೆ. ಜನ ಅಲ್ಲಿ ಬೇರೆ ದಾರಿಯಿಲ್ಲದೆ ಮನೆಯನ್ನೇ ನೋಡುತ್ತಿದ್ದರು. ಗಿಟಾರ್ ನುಡಿಸಿಕೊಂಡು ಹೊಟ್ಟೆ ಹೊರೆಯಲಾಗದು ಎಂದು ಹುಡುಗನಿಗೆ ಹೇಳಿದ ಮಿಮಿ, ಗದ್ದಲ ತಾಳಲಾರದೆ ಅವನನ್ನು ಮುಂಬಾಗಿಲ ಗಾಜಿನ ಪಡಸಾಲೆಗೆ ಅಟ್ಟುತ್ತಿದ್ದಳು. ಆ ಪಡಸಾಲೆ ಇಬ್ಬರು ನಿಂತರೆ ತುಂಬಿಹೋಗುವಷ್ಟು. ದನಿ ಚೆನ್ನಾಗಿ ಮೊಳಗುತ್ತದೆಂದು ಜಾನ್ ಮತ್ತು ಪಾಲ್‌ಗೂ ಅದೇ ಇಷ್ಟವಿತ್ತಂತೆ. ಅಕ್ಕನಿಗೆ ಮಿಮಿ ಬಹಳ ಹಿಡಿಸಿದಳು. "ಸರಿಯಾಗೇ ಹೇಳಿದ್ದಾಳೆ. ಎಲ್ಲರ ಮನೆ ಹುಡುಗನೂ ಬೀಟಲ್ ಆಗ್ತಾನಾ?" ಎಂದು ಆ ಇಡೀ ಪ್ರವಾಸದಲ್ಲಿ ಯಾರೂ ಆಡದ ಮಾತು ಆಡಿದಳು.

ಗಹನವಾದ ವಿಚಾರದ ಬಗ್ಗೆ ಹೇಳುತ್ತೇನೆಂದಿದ್ದೆ. ಅದು ಕರ್ಚೀಫಿನ ಗಲಾಟೆಯಲ್ಲಿ ಎಲ್ಲೋ ಹೋಯಿತು. ಊರಿಗೆ ಬಂದ ಮೇಲೆ ಕೂತು ನೆನಪಿಸಿಕೊಳ್ಳೋಣವೆಂದರೆ ಭಾವ ಬಿಡುತ್ತಿಲ್ಲ. ರೈಲಿನವರಿಗೆ ಪತ್ರ ಬರೆಯುತ್ತಿದ್ದಾರೆ. 'ಮಾನ್ಯರೇ' ಆಗಿದೆ, 'ವಿಷಯ' ಆಗಿದೆ. 'ಉಲ್ಲೇಖ' ಎಂಬಲ್ಲಿ ಬಂದು ನಿಂತಿದ್ದಾರೆ. 1973ರ ಆದೇಶದ ಸಂಖ್ಯೆ ಏನಾದರೂ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೋ ನೋಡು ಎಂದು ನಿನ್ನೆ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿದ್ದರು.